ರಾತ್ರಿ ಇಳಿಯುವ ಆಕ್ಸಿಜನ್: ಕ್ಲಿಪ್, ವಾಚ್, ರೆಕಾರ್ಡರ್, ಲ್ಯಾಬ್ ಎಲ್ಲಾ ನೋಡಿದ ಮೇಲೆ

ಹಗಲು ನೋಡಿದರೆ ನನ್ನ ರಕ್ತದ ಆಕ್ಸಿಜನ್ ಶೇಕಡಾ 97. ರಾತ್ರಿ 82ಕ್ಕೆ ಇಳಿಯುತ್ತಿತ್ತು. ಎಂಟು ಗಂಟೆ ಮಲಗಿ ಎದ್ದರೂ ತಲೆ ಭಾರ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಇಳಿಯುತ್ತಿದೆ ಅಂತ ಗೊತ್ತಾಗಲು ಒಂದಷ್ಟು ದಿನ, ಯಾಕೆ ಅಂತ ಗೊತ್ತಾಗಲು ಇನ್ನೂ ಜಾಸ್ತಿ ದಿನ ಬೇಕಾಯಿತು.

ಬೆರಳಿಗೆ ಕಚ್ಚಿಸುವ ಸಾದಾ ಆಕ್ಸಿಮೀಟರ್ ಈ ಕೆಲಸಕ್ಕೆ ದಂಡ. ಅಂಕಿ ನೋಡಬೇಕೆಂದರೆ ಎಚ್ಚರವಾಗಬೇಕು, ಎಚ್ಚರವಾಗಿ ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಅಂಕಿ ಮೇಲೆ ಬಂದು ಕೂತಿರುತ್ತದೆ. ಅಲಾರಂ ಇಟ್ಟು ಮೂರು ರಾತ್ರಿ ನೋಡಿದೆ, ಮೂರೂ ಸಲ 95ರ ಮೇಲೆ. ಕಳ್ಳನನ್ನು ಹಿಡಿಯಲು ತಮಟೆ ಬಾರಿಸಿಕೊಂಡು ಹೋದ ಹಾಗೆ.

ಮೊದಲು ಅನುಮಾನ ಹುಟ್ಟಿಸಿದ್ದು ಸ್ಮಾರ್ಟ್‌ವಾಚ್. ಆದರೆ ಅದು ಚರ್ಮಕ್ಕೆ ತಾಗಿ ವಾಪಸ್ ಬಂದ ಬೆಳಕನ್ನು ಓದುತ್ತದೆ. ಪಟ್ಟಿ ಸಡಿಲವಾದರೆ, ಕೈ ಮೇಲೆ ಮಲಗಿದರೆ ಲೆಕ್ಕ ತಪ್ಪು. ನನ್ನದು ಆಗೊಮ್ಮೆ ಈಗೊಮ್ಮೆ ಮಾತ್ರ ಅಳೆಯುತ್ತಿತ್ತು. ನಿದ್ದೆಯಲ್ಲಿ ಉಸಿರು ನಿಂತಾಗ ಆಕ್ಸಿಜನ್ ಇಳಿಯುತ್ತದೆ, ಆದರೆ ಹಾಗೆ ನಿಲ್ಲುವುದು ಎಷ್ಟೋ ಸಲ ಅರ್ಧ ನಿಮಿಷದಲ್ಲೇ ಮುಗಿದುಹೋಗುತ್ತದೆ, ಅಲ್ವಾ? ಡಾಕ್ಟರ ಮುಂದೆ ಇಡಲು ಅದು ಸಾಲದು.

ನನ್ನ ಪಾಲಿಗೆ ಗೆದ್ದದ್ದು ರೆಕಾರ್ಡಿಂಗ್ ಆಕ್ಸಿಮೀಟರ್. ಮಣಿಕಟ್ಟಿಗೆ ಚಿಕ್ಕ ಡಬ್ಬಿ, ಬೆರಳಿಗೆ ಮೆತ್ತನೆಯ ರಬ್ಬರ್ ಟೋಪಿ. ಹೊದಿಕೆಯೊಳಗೆ ಬೆರಳು ಕೆಂಪಗೆ ಉರಿಯುತ್ತಿರುತ್ತದೆ. ಮೊದಲ ರಾತ್ರಿ ಟೋಪಿ ಕಳಚಿ ಬಿತ್ತು. ಮರುದಿನ ಅಂಟುಪಟ್ಟಿ ಸುತ್ತಿ ಮಲಗಿದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಇದೂ ತಪ್ಪುತ್ತದೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದೂ ಉಂಟು.

ಬೆಳಿಗ್ಗೆ ಗ್ರಾಫ್ ತೆಗೆದರೆ ಗರಗಸದ ಹಲ್ಲು! ಡಾಕ್ಟರು ಅಂಕಿಗಿಂತ ಆ ಗೆರೆಯನ್ನೇ ಜಾಸ್ತಿ ಹೊತ್ತು ನೋಡಿದರು. ಪದೇ ಪದೇ ಬಿದ್ದು ಏಳುತ್ತಿದ್ದರೆ ಉಸಿರು ಕಟ್ಟುತ್ತಿದೆ ಅಂತ ಅನುಮಾನ. ಗಂಟೆಗಟ್ಟಲೆ ಕೆಳಗೇ ಚಪ್ಪಟೆಯಾಗಿ ಮಲಗಿದ್ದರೆ ಶ್ವಾಸಕೋಶದ ಕಾಯಿಲೆ ಅಥವಾ ಉಸಿರಾಟವೇ ಸಾಲದಿರುವುದರ ಕಡೆ ಗಮನ. ನನ್ನ ಹಲ್ಲುಗಳು ಬೆಳಗಿನ ಜಾವ ಇನ್ನೂ ಉದ್ದವಾಗಿದ್ದವು. ಕನಸಿನ ನಿದ್ದೆ ಆಗಲೇ ಜಾಸ್ತಿ, ಗಂಟಲಿನ ಸ್ನಾಯುಗಳು ಇನ್ನಷ್ಟು ಸಡಿಲವಾಗುವುದೂ ಆಗಲೇ.

ಆದರೆ ಗಂಟಲು ಮುಚ್ಚಿಕೊಳ್ಳುತ್ತಿದೆಯೋ, ಮಿದುಳೇ ಉಸಿರಾಡು ಅಂತ ಹೇಳಲು ಮರೆಯುತ್ತಿದೆಯೋ, ಇದರಿಂದ ತಿಳಿಯುವುದಿಲ್ಲ. ಅದಕ್ಕೆ ಮೂಗಿಗೆ ಕೊಳವೆ, ಎದೆಗೆ ಪಟ್ಟಿ ಬೇಕು. ಮನೆಯಲ್ಲೇ ಮಾಡುವ ಪರೀಕ್ಷೆಯಲ್ಲಿ ಇವೆರಡೂ ಇದ್ದವು. ಸ್ವಂತ ಹಾಸಿಗೆ, ಆರಾಮ. ಫಲಿತಾಂಶ: ಗಂಟೆಗೆ 13 ಸಲ ಉಸಿರು ಕಟ್ಟುತ್ತಿದೆ, ಅಂದರೆ ಸೌಮ್ಯ. ಖುಷಿಯಾಯಿತು. ಸುಮ್ನೆ ಖುಷಿ. ಆ ಯಂತ್ರ ಮಿದುಳಿನ ಅಲೆ ನೋಡುವುದಿಲ್ಲ, ನಾನು ಎರಡು ಗಂಟೆ ಹೊರಳಾಡಿದ್ದನ್ನೂ ಸೇರಿಸಿ ಭಾಗಿಸಿತ್ತು. ಆಮೇಲೆ ನಿದ್ದೆ ಪರೀಕ್ಷಿಸುವ ಲ್ಯಾಬಿಗೆ ಹೋದೆ. ಅಲ್ಲಿ ತಲೆತುಂಬಾ ವೈರು, ಕೂದಲಿಗೆಲ್ಲ ಅಂಟು, ನಿದ್ದೆ ಕೆಟ್ಟದಾಗಿತ್ತು. ಬಂದ ಲೆಕ್ಕ 21. 15ರಿಂದ 30ರ ನಡುವೆ ಇದ್ದರೆ ಮಧ್ಯಮ. ಮುಚ್ಚಿಕೊಳ್ಳುತ್ತಿದ್ದದ್ದು ಗಂಟಲೇ, ಅಂಗಾತ ಮಲಗಿದಾಗ ಇನ್ನೂ ಜಾಸ್ತಿ. ಯಾಕೆ ಅನ್ನುವುದಕ್ಕೆ ಪೂರ್ತಿ ಉತ್ತರ ಸಿಕ್ಕಿದ್ದು ಇಲ್ಲಿ.

ಆಕ್ಸಿಜನ್ ಕಡಿಮೆ ಇದ್ದರೆ ಆಕ್ಸಿಜನ್ ಕೊಟ್ಟರಾಯಿತು ಅಂತ ನಾನೂ ಅಂದುಕೊಂಡಿದ್ದೆ, ಡಾಕ್ಟರನ್ನು ಕೇಳಿಯೂ ಬಿಟ್ಟೆ. ಅಂಕಿ ಏರಬಹುದು, ಗಂಟಲು ಮುಚ್ಚುವುದು ನಿಲ್ಲುವುದಿಲ್ಲ ಅಂದರು. ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ಅಪಾಯವೂ ಆಗುತ್ತದೆ. ಪಕ್ಕಕ್ಕೆ ಮಲಗಿ ನೋಡಿದೆ, ಹಲ್ಲುಗಳು ಅರ್ಧಕ್ಕೆ ಇಳಿದವು, ಅಷ್ಟೇ. ಕೊನೆಗೆ ಸಿಪ್ಯಾಪ್. ಗಾಳಿಯ ಒತ್ತಡದಿಂದಲೇ ಗಂಟಲನ್ನು ತೆರೆದಿಡುವ ಯಂತ್ರ. ಮೊದಲ ವಾರ ಮಾಸ್ಕ್ ಕಂಡರೆ ಸಿಟ್ಟು, ಮೂಗಿನ ಮೇಲೆ ಕೆಂಪು ಗುರುತು.

ಎರಡನೇ ವಾರ ಅದರ ಜೊತೆಗೇ ರೆಕಾರ್ಡರ್ ಕಟ್ಟಿಕೊಂಡು ಮಲಗಿದೆ. ನಾಲ್ಕು ಗಂಟೆಯವರೆಗೆ ಗೆರೆ 94ರ ಆಸುಪಾಸಿನಲ್ಲಿ ನೆಟ್ಟಗೆ. ಅಲ್ಲಿಂದ ಮತ್ತೆ ಗರಗಸ. ಎದ್ದು ನೋಡಿದರೆ ಮಾಸ್ಕ್ ಮಂಚದ ಕೆಳಗೆ ಬಿದ್ದಿತ್ತು.