ಬೈಕಿಗೆ ‘ಫುಲ್ಲಿ ಸಿಂಥೆಟಿಕ್’ ಅಂತ ಕಾರಿನ ಆಯಿಲ್ ಸುರಿಯುತ್ತಾರೆ, ಎಚ್ಚರ

ಗೇರ್ ಬೈಕ್ ಓಡಿಸುವ ಎಲ್ಲರೂ ದಯವಿಟ್ಟು ಇದನ್ನು ಓದಿ. ಸರ್ವಿಸಿಗೆ ಬಿಟ್ಟಾಗ "ಫುಲ್ಲಿ ಸಿಂಥೆಟಿಕ್ ಹಾಕಿದ್ದೇವೆ" ಅಂತ ಯಾರಾದರೂ ಹೇಳಿದರೆ ಆಯಿಲ್ ಡಬ್ಬಿ ತೋರಿಸಿ ಅನ್ನಿ. ಡಬ್ಬಿಯ ಮುಂದಿರುವ ದೊಡ್ಡ ಅಕ್ಷರ ಬಿಡಿ. ಹಿಂದೆ ಸಣ್ಣದಾಗಿ ಏನು ಬರೆದಿದೆ ಅನ್ನುವುದೇ ಮುಖ್ಯ.

ಮಂಗಳೂರಿನಲ್ಲಿ ಮನೆ ಹತ್ತಿರದ ಗ್ಯಾರೇಜಿಗೆ ನನ್ನ 150 ಸಿಸಿ ಬೈಕ್ ಕೊಟ್ಟಿದ್ದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಆಯಿಲನ್ನೇ ಹಾಕಿ, 10ಡಬ್ಲ್ಯು-30, ಜಾಸೊ ಎಂಎ2 ಅಂತ ಹೇಳಿಯೇ ಬಂದಿದ್ದೆ. ಮೊದಲನೆಯದು ಆಯಿಲಿನ ದಪ್ಪದ ಗ್ರೇಡ್, ಎರಡನೆಯದು ಬೈಕ್ ಆಯಿಲಿನ ಗುರುತು. ಸಂಜೆ ಹೋದರೆ, "ಅದಕ್ಕಿಂತ ಒಳ್ಳೇದು ಹಾಕಿದ್ದೇವೆ ಸರ್. ಫುಲ್ಲಿ ಸಿಂಥೆಟಿಕ್. ಎಂಜಿನ್ ಬೆಣ್ಣೆ ಹಾಗೆ ಓಡ್ತದೆ" ಅಂದರು. ಬಿಲ್ಲೂ ಅದಕ್ಕೆ ತಕ್ಕ ಹಾಗೆ ಜಾಸ್ತಿ ಇತ್ತು. ಉಳಿದ ಆಯಿಲನ್ನು ಟಾಪ್‌ಅಪ್‌ಗೆ ಇರಲಿ ಅಂತ ಡಬ್ಬಿ ಸಮೇತ ಕೈಗೆ ಕೊಟ್ಟರು.

ಊರೊಳಗೆ ಏನೂ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ಬೈಕ್ ಮೊದಲಿಗಿಂತ ಹಗುರವಾಗಿ ಓಡುತ್ತಿತ್ತು. ಮುಂದಿನ ವಾರ ಹೆಂಡತಿಯ ಜೊತೆ ಮೂಡಿಗೆರೆಗೆ ಹೊರಟೆ. ಚಾರ್ಮಾಡಿ ಘಾಟಿ ಹತ್ತುವಾಗ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಬರೀ ಕೂಗುತ್ತದೆ, ಬೈಕ್ ಮುಂದೆ ಹೋಗುವುದಿಲ್ಲ. ಒಂದು ತಿರುವಿನ ನಡುವೆ ವೇಗ ಪೂರ್ತಿ ಬಿದ್ದೇ ಹೋಯಿತು. ಹಿಂದೆ ಬಸ್ಸು, ಪಕ್ಕದಲ್ಲಿ ಕಂದಕ. ಆ ಬಸ್ಸಿನ ಡ್ರೈವರ್ ದೂರದಿಂದಲೇ ಬ್ರೇಕ್ ಹಾಕಿದ್ದರಿಂದ ನಾವು ಬದುಕಿದೆವು. ಅವರ ಹೆಸರೂ ಗೊತ್ತಿಲ್ಲ, ಆದರೆ ಅವರನ್ನು ಮರೆಯಲಾರೆ.

ಬೈಕನ್ನು ಪಿಕಪ್ ಗಾಡಿಗೆ ಹಾಕಿ ಮೂಡಿಗೆರೆಗೆ ಒಯ್ದೆವು. ಅಲ್ಲಿನ ಮೆಕ್ಯಾನಿಕ್ ಹಿರಿಯರು. ಯಾವ ಆಯಿಲ್ ಅಂತ ಕೇಳಿದರು, ಡಬ್ಬಿ ತಿರುಗಿಸಿ ನೋಡಿದರು. "ಇದು ಕಾರಿನ ಆಯಿಲ್ ಸಾರ್. ಆಯಿಲ್ ಚೆನ್ನಾಗೇ ಇದೆ. ಆದ್ರೆ ಇದ್ರಲ್ಲಿ ಕ್ಲಚ್ ಹಿಡಿಯಲ್ಲ." ಕ್ಲಚ್ ಬಿಚ್ಚಿ ತೋರಿಸಿದರು. ಪ್ಲೇಟುಗಳು ಸುಟ್ಟು ಗಾಜಿನಂತೆ ಹೊಳೆಯುತ್ತಿದ್ದವು. ಪೂರ್ತಿ ಸೆಟ್ ಬದಲಾಯಿಸಬೇಕಾಯಿತು.

ಆ ಡಬ್ಬಿಯ ಹಿಂದೆ ಇದ್ದದ್ದು 5ಡಬ್ಲ್ಯು-30, ಎಪಿಐ ಎಸ್‌ಪಿ, ಐಎಲ್‌ಸ್ಯಾಕ್ ಜಿಎಫ್-6ಎ. ಎಪಿಐ, ಐಎಲ್‌ಸ್ಯಾಕ್ ಅಂದರೆ ಆಯಿಲಿನ ಗುಣಮಟ್ಟದ ಗುರುತುಗಳು. ದುಂಡನೆಯ ಮುದ್ರೆಯ ಕೆಳಗೆ ‘ರಿಸೋರ್ಸ್ ಕನ್ಸರ್ವಿಂಗ್’. ಈ ಕೊನೆಯ ಎರಡು ಪದಗಳನ್ನು ಬೈಕಿನವರು ನೆನಪಿಟ್ಟುಕೊಳ್ಳಿ. ಇಂಧನ ಉಳಿಸಲು ಘರ್ಷಣೆ ಕಡಿಮೆ ಮಾಡಿರುವ ಆಯಿಲ್ ಎಂದು ಅರ್ಥ. ಕಾರಿನಲ್ಲಿ ಕ್ಲಚ್ ಎಂಜಿನ್ ಆಯಿಲಿನಿಂದ ದೂರ, ಬೇರೆಯೇ ಇರುತ್ತದೆ. ಅಲ್ಲಿ ಈ ಜಾರುವ ಗುಣ ಒಳ್ಳೆಯದೇ. ನಮ್ಮ ಬಹುತೇಕ ಗೇರ್ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟುಗಳು ಅದರಲ್ಲೇ ಮುಳುಗಿ ತಿರುಗುತ್ತವೆ. ಒಂದನ್ನೊಂದು ಕಚ್ಚಿ ಹಿಡಿಯಲು ಅವಕ್ಕೆ ಘರ್ಷಣೆ ಬೇಕೇ ಬೇಕು. ಅದನ್ನೇ ತೆಗೆದುಬಿಟ್ಟರೆ ಏರಿನಲ್ಲಿ, ಇಬ್ಬರ ಭಾರ ಇದ್ದಾಗ ಪ್ಲೇಟುಗಳು ಜಾರುತ್ತವೆ, ಜಾರಿ ಸುಡುತ್ತವೆ.

ಇದಕ್ಕಾಗಿಯೇ ಜಪಾನಿನವರು 1998ರಲ್ಲಿ ಜಾಸೊ ಟಿ903 ಅನ್ನುವ ಮಾನದಂಡ ತಂದರು. ಆಯಿಲಿನಲ್ಲಿ ಕ್ಲಚ್ ಎಷ್ಟು ಹಿಡಿಯುತ್ತದೆ ಅಂತ ಯಂತ್ರದಲ್ಲಿ ಅಳೆದು ಎಂಎ, ಎಂಎ1, ಎಂಎ2, ಎಂಬಿ ಅಂತ ಗುರುತು ಕೊಡುತ್ತಾರೆ. ಎಂಎ2ನಲ್ಲಿ ಹಿಡಿತ ಜಾಸ್ತಿ. ಎಂಬಿಯಲ್ಲಿ ಕಡಿಮೆ, ಅದು ಗೇರ್ ಇಲ್ಲದ ಸ್ಕೂಟರುಗಳಿಗೆ ಸರಿ. ಜಾಸೊ ಗುರುತೇ ಇಲ್ಲದ ಆಯಿಲ್ ಹಾಕಿದರೆ ಕೆಲವರಿಗೆ ಏನೂ ಆಗದೆ ಇರಬಹುದು. ಆದರೆ ಘಾಟಿಯಲ್ಲಿ ನಂಬುವುದಕ್ಕೆ ಅದೃಷ್ಟ ಸಾಕಾಗುವುದಿಲ್ಲ.

ಮಂಗಳೂರಿಗೆ ಬಂದು ಕೇಳಿದರೆ ಗ್ಯಾರೇಜಿನವರು "ನೀವು ಹಾಫ್ ಕ್ಲಚ್‌ನಲ್ಲಿ ಓಡಿಸಿದ್ದೀರಿ" ಅಂದರು. ಮ್ಯಾನ್ಯುಯಲ್ ಮುಂದಿಟ್ಟೆ. "ಮಿನರಲ್‌ಗಿಂತ ಸಿಂಥೆಟಿಕ್ ಯಾವತ್ತೂ ಒಳ್ಳೇದೇ ಅಲ್ವಾ?" ಅಂತ ನನ್ನನ್ನೇ ಕೇಳಿದರು. ಮಿನರಲ್ ಅಂದರೆ ಕಚ್ಚಾ ತೈಲದಿಂದ ತೆಗೆದ ಸಾಮಾನ್ಯ ಆಯಿಲ್. ಬಿಲ್ಲಿನಲ್ಲಿ ಬರೀ ‘ಎಂಜಿನ್ ಆಯಿಲ್’ ಅಂತ ಇತ್ತು, ಗ್ರೇಡ್ ಇಲ್ಲ, ಹೆಸರಿಲ್ಲ. ಒಂದು ರೂಪಾಯಿಯೂ ವಾಪಸ್ ಬರಲಿಲ್ಲ.

ಅವರ ಆ ಪ್ರಶ್ನೆಯಲ್ಲೇ ತಪ್ಪು ತಿಳುವಳಿಕೆ ಇದೆ. ಸಿಂಥೆಟಿಕ್‌ನ ಗುಣ ಸುಳ್ಳಲ್ಲ. ಬಿಸಿಗೆ ಬೇಗ ಕೆಡುವುದಿಲ್ಲ, ಆವಿಯಾಗುವುದು ಕಡಿಮೆ, ಚಳಿಯಲ್ಲೂ ಸಲೀಸಾಗಿ ಹರಿಯುತ್ತದೆ. ಆದರೆ ಅದು ಆಯಿಲನ್ನು ಯಾವುದರಿಂದ ಮಾಡಿದ್ದಾರೆ ಅಂತಷ್ಟೇ ಹೇಳುತ್ತದೆ, ಯಾವ ಎಂಜಿನ್ನಿಗೆ ಅಂತ ಹೇಳುವುದಿಲ್ಲ. ಆ ಪದವೂ ಈಗ ಸಡಿಲವಾಗಿದೆ. 1999ರಲ್ಲಿ ಅಮೆರಿಕದಲ್ಲಿ ಜಾಹೀರಾತು ವಿಚಾರವಾಗಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ವ್ಯಾಜ್ಯವಾಯಿತು. ಕಚ್ಚಾ ತೈಲವನ್ನೇ ಬಹಳ ಶುದ್ಧ ಮಾಡಿ ತೆಗೆದ ಗ್ರೂಪ್ 3 ಎಣ್ಣೆಯನ್ನೂ ಸಿಂಥೆಟಿಕ್ ಎಂದು ಮಾರಬಹುದು ಅಂತ ತೀರ್ಮಾನ ಬಂತು. ಇನ್ನು ಚಳಿಯ ಲಾಭ. ಚಳಿಗೆ 10ಡಬ್ಲ್ಯುಗಿಂತ ದಪ್ಪವಾಗುವ 20ಡಬ್ಲ್ಯು ಆಯಿಲನ್ನೇ ಸ್ಟಾರ್ಟಿಂಗ್‌ಗಾಗಿ ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. ಮಂಗಳೂರಿನ ಸೆಕೆಯಲ್ಲಿ ನಮಗೆ ಅದಕ್ಕಿಂತ ಏನು ಬೇಕು? ನನ್ನ ಬೈಕಿಗೆ ಎಂಎ2 ಗುರುತಿನ ಸಾಧಾರಣ ಮಿನರಲ್ ಆಯಿಲ್, ಅದೂ ಕಡಿಮೆ ಬೆಲೆಗೆ, ಈ ದುಬಾರಿ ಸಿಂಥೆಟಿಕ್‌ಗಿಂತ ನೂರು ಪಾಲು ವಾಸಿ. ಎಂಎ2 ಇರುವ ಸಿಂಥೆಟಿಕ್ ಸಿಕ್ಕಿದರೆ ಧಾರಾಳವಾಗಿ ಹಾಕಿ, ಅದಕ್ಕೆ ನನ್ನ ತಕರಾರಿಲ್ಲ.

ಕಾರಿನವರೂ ಡಬ್ಬಿಯ ಹಿಂಭಾಗ ಓದಿ. ಎಪಿಐ ಎಸ್‌ಎಫ್ ಅನ್ನುವುದು 1988 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಎಂಜಿನ್ನುಗಳ ಕಾಲದ್ದು. ಟರ್ಬೊ ಪೆಟ್ರೋಲ್ ಕಾರಿಗೆ ಎಸ್‌ಪಿ ಕೇಳಿ. 2020ರಲ್ಲಿ ಬಂದ ಈ ಮಾನದಂಡದಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಇಂಧನ ಹೊತ್ತಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆಗೂ, ಟೈಮಿಂಗ್ ಚೈನ್ ಸವೆತಕ್ಕೂ ಪರೀಕ್ಷೆ ಇದೆ. ಬಿಎಸ್6 ಡೀಸೆಲ್‌ನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಮ್ಯಾನ್ಯುಯಲ್ ಹೇಳಿದ ಕಡಿಮೆ ಬೂದಿಯ ಆಯಿಲೇ ಬೇಕು. ಯುರೋಪಿನ ಎಸಿಇಎ ಮಾನದಂಡದ ಸಿ3ಯಲ್ಲಿ ಬೂದಿ ಶೇಕಡ 0.8 ದಾಟುವಂತಿಲ್ಲ, ಎ3/ಬಿ4ನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಫಿಲ್ಟರಿನ ಮಸಿ ಸುಟ್ಟುಹೋಗುತ್ತದೆ, ಬೂದಿ ಸುಡುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಎರಡು ಡಬ್ಬಿಯ ಮೇಲೂ ಫುಲ್ಲಿ ಸಿಂಥೆಟಿಕ್ ಅಂತಲೇ ಬರೆದಿರಬಹುದು.

ಸಾಧ್ಯವಾದರೆ ನಿಂತು, ಸೀಲ್ ಒಡೆಯುವುದನ್ನು ನೋಡಿ. ಬಿಲ್ಲಿನಲ್ಲಿ ಬ್ರ್ಯಾಂಡ್, ಗ್ರೇಡ್, ಎಪಿಐ ಮತ್ತು ಜಾಸೊ ಗುರುತು ಬರೆಸಿ. ನನಗೆ ಕೈಕೊಟ್ಟದ್ದು ಆ ಖಾಲಿ ಬಿಲ್ಲೇ.

ನಿಮ್ಮ ಬೈಕಿಗೆ ಈಗಾಗಲೇ ಇಂಥ ಆಯಿಲ್ ಬಿದ್ದಿದೆ ಅನ್ನಿಸಿದರೆ ಘಾಟಿ ಕಡೆ ಹೋಗಬೇಡಿ. ಬೇಗ ಡ್ರೈನ್ ಮಾಡಿಸಿ, ಫಿಲ್ಟರ್ ಬದಲಾಯಿಸಿ, ಮ್ಯಾನ್ಯುಯಲ್‌ನಲ್ಲಿರುವ ಆಯಿಲ್ ಹಾಕಿಸಿ. ಒಳಗೆ ಹಳೆಯದು ಸ್ವಲ್ಪ ಉಳಿದೇ ಇರುತ್ತದೆ. ಹಾಗಾಗಿ ಮುಂದಿನ ಸರ್ವಿಸಿಗೆ ಕಾಯದೆ ಇನ್ನೊಮ್ಮೆ ಬದಲಾಯಿಸುವುದು ಒಳ್ಳೆಯದು. ಪ್ಲೇಟ್ ಸುಟ್ಟಿರದಿದ್ದರೆ ಅಷ್ಟರಲ್ಲೇ ಹಿಡಿತ ಮರಳಿ ಬರುವ ಸಾಧ್ಯತೆ ಇದೆ. ಆಮೇಲೂ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಆರ್‌ಪಿಎಂ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಬಿಚ್ಚಿಸಿ ನೋಡಲೇಬೇಕು.