ವೈರ್ ಮೈಕಾ, ಬ್ಲೂಟೂತಾ, ಯುಎಸ್‌ಬಿಯಾ?

ಆನ್‌ಲೈನ್ ಇಂಟರ್‌ವ್ಯೂಗೆ ಮೈಕ್ ಕೊಳ್ಳಲು ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಹೊರಟಿದ್ದೀರಾ? ಮೊದಲು ಇರುವ ಮೈಕನ್ನೇ ಪರೀಕ್ಷಿಸಿ. ಫೋನಿನ ರೆಕಾರ್ಡರ್‌ನಲ್ಲಿ ಹತ್ತು ಸೆಕೆಂಡ್ ಮಾತಾಡಿ ಕೇಳಿ. ಅಲ್ಲಿ ದನಿ ಸರಿಯಿದ್ದು ಮೀಟಿಂಗ್ ಆ್ಯಪ್‌ನಲ್ಲಿ ಮಾತ್ರ ಬರದಿದ್ದರೆ, ಆ್ಯಪ್‌ಗೆ ಮೈಕಿನ ಅನುಮತಿ ಇದೆಯಾ ನೋಡಿ. ಸುಮ್ನೆ ದುಡ್ಡು ಹಾಕಬೇಡಿ.

ಬ್ಲೂಟೂತ್ ಇಯರ್‌ಫೋನ್ ಓಡಾಡುತ್ತಾ ಮಾತಾಡಲು ಚೆಂದ. ಆದರೆ ಮೈಕ್ ಶುರುವಾದ ಕೂಡಲೇ ಅದು ಕರೆಯ ಮೋಡ್‌ಗೆ ಹೋಗುತ್ತದೆ. ಹಳೆಯ ಸೆಟ್‌ಗಳಲ್ಲಿ ದನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ.

ನನ್ನ ಆಯ್ಕೆ 3.5 ಎಂಎಂ ಪಿನ್ನಿನ ವೈರ್ ಇಯರ್‌ಫೋನ್. ನಮ್ಮ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಕೂರಲು ಆಗಲ್ಲ, ಅಲ್ವಾ? ಮೈಕ್ ಬಾಯಿಗೆ ಹತ್ತಿರವಿದ್ದಷ್ಟೂ ನಿಮ್ಮ ದನಿ ಫ್ಯಾನಿನ ಸದ್ದನ್ನು ಮೀರಿ ಕೇಳುತ್ತದೆ. ಕೊಳ್ಳುವಾಗ ಪಿನ್ನಿನ ಮೇಲೆ ಮೂರು ಗೆರೆ ಇವೆಯಾ ನೋಡಿ. ಎರಡೇ ಇದ್ದರೆ ಅದು ಬರೀ ಕೇಳುವುದಕ್ಕೆ. ಮೈಕ್‌ಗೆ ಬೇರೆ ಗುಲಾಬಿ ಜ್ಯಾಕ್ ಇರುವ ಕಂಪ್ಯೂಟರ್ ಆದರೆ ಜೊತೆಗೆ ಸ್ಪ್ಲಿಟರ್ (ಒಂದೇ ಪಿನ್ನನ್ನು ಮೈಕ್‌ಗೆ ಒಂದು, ಕೇಳುವುದಕ್ಕೆ ಒಂದು ಎಂದು ಎರಡಾಗಿ ಮಾಡುವ ಸಣ್ಣ ವೈರ್) ತನ್ನಿ.

ಯುಎಸ್‌ಬಿ ಮೈಕ್‌ಗೆ ಖರ್ಚು ಜಾಸ್ತಿ. ದಿನಾ ಪಾಠ ಮಾಡುವವರಿಗೆ ತಕ್ಕದ್ದು. ಕಂಪ್ಯೂಟರಿನ ಮೈಕ್ ಜ್ಯಾಕ್ ಕೆಟ್ಟಿದ್ದರೂ ನಡೆಯುತ್ತದೆ. ಹಾಕಿದ ಮೇಲೆ ಸೌಂಡ್ ಸೆಟ್ಟಿಂಗ್ಸ್‌ನ ಇನ್‌ಪುಟ್‌ನಲ್ಲಿ ಅದನ್ನೇ ಆರಿಸಿ.