ಮ್ಯೂಸ್‌ಸ್ಕೋರ್ ಸ್ಟುಡಿಯೋ 4: ಬರೆದ ಸಂಗೀತವನ್ನು ನಾಲ್ಕು ಜನರ ಮುಂದಿಡುವವರಿಗೆ

ಒಬ್ಬರು ಫೋನಿನಲ್ಲಿ ಹಾಡಿ ಕಳಿಸುತ್ತಾರೆ, ಇನ್ನೊಬ್ಬರು ಕೀಬೋರ್ಡಿನಿಂದ ತೆಗೆದ ಮಿಡಿ ಕಡತ (ಒತ್ತಿದ ಸ್ವರಗಳ ದಾಖಲೆ) ಕಳಿಸುತ್ತಾರೆ, ಮತ್ತೊಬ್ಬರು ನೋಟ್‌ಬುಕ್ಕಿನಲ್ಲಿ ಬರೆದ ಸ್ವರಲಿಪಿಯ ಫೋಟೋ ತೆಗೆದು ಹಾಕುತ್ತಾರೆ. ಹವ್ಯಾಸಿ ಸಂಯೋಜಕರು ತಮ್ಮ ರಚನೆಗಳನ್ನು ಪರಸ್ಪರ ತೋರಿಸಿಕೊಳ್ಳುವಾಗ ಸಾಮಾನ್ಯವಾಗಿ ನಡೆಯುವುದು ಹೀಗೆ. ಇಂಥದ್ದನ್ನು ಕೇಳಿ ‘ಚೆನ್ನಾಗಿದೆ’ ಎನ್ನಬಹುದು. ‘17ನೇ ಬಾರಿನ ಮೂರನೇ ಬೀಟಿನಲ್ಲಿ ವಯೋಲ, ಚೆಲ್ಲೊ ಎರಡೂ ಒಂದೇ ಜಾಗದಲ್ಲಿ ಗುಂಪುಗೂಡಿವೆ, ಅದಕ್ಕೇ ಮಸಕಾಗಿ ಕೇಳುತ್ತಿದೆ’ ಎಂದು ಹೇಳಬೇಕಾದರೆ ಇಬ್ಬರ ಕಣ್ಣೆದುರೂ ಒಂದೇ ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸಾಲುಗಳನ್ನು ಬಾರ್ ಬಾರ್ ಆಗಿ (ಲಂಬಗೆರೆಗಳಿಂದ ಭಾಗ ಮಾಡಿ) ಬರೆದ ಹಾಳೆ, ಇರಬೇಕು. ಮ್ಯೂಸ್‌ಸ್ಕೋರ್ ಸ್ಟುಡಿಯೋ ಎಂಬ ಸ್ವರಲಿಪಿ ಬರೆಯುವ ತಂತ್ರಾಂಶ ಈ ಕೆಲಸಕ್ಕೆ ಎಷ್ಟು ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡೋಣ.

ವರ್ನರ್ ಶ್ವೇರ್ ಎಂಬ ಪ್ರೋಗ್ರಾಮರ್ 2002ರಲ್ಲಿ ಮ್ಯೂಸ್‌ಇ ಎಂಬ ಸೀಕ್ವೆನ್ಸರಿನಿಂದ (ಸ್ವರಗಳನ್ನು ದಾಖಲಿಸಿ ನುಡಿಸುವ ತಂತ್ರಾಂಶದಿಂದ) ಸ್ವರಲಿಪಿಯ ಭಾಗವನ್ನು ಬೇರ್ಪಡಿಸಿ ಇದನ್ನು ಶುರುಮಾಡಿದರು. ಜಿಪಿಎಲ್ 3 ಪರವಾನಗಿಯ ಮುಕ್ತ ತಂತ್ರಾಂಶ; ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಒಂದು ರೂಪಾಯಿಯನ್ನೂ ಕೇಳುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಬಂದ 4ನೇ ಆವೃತ್ತಿ ಒಳಗಿನ ಬಹುಪಾಲನ್ನು ಹೊಸದಾಗಿ ಕಟ್ಟಿತು. 2024ರ ಆಗಸ್ಟ್‌ನಲ್ಲಿ ಫಿನಾಲೆ ಎಂಬ ಇನ್ನೊಂದು ಸ್ವರಲಿಪಿ ತಂತ್ರಾಂಶದ ಅಭಿವೃದ್ಧಿ ನಿಂತ ಮೇಲೆ ಈ ಕಡೆಗೆ ಬರುವವರೂ ಇದ್ದಾರೆ. ಡೌನ್‌ಲೋಡ್ ಮಾಡುವಾಗ ಒಂದು ಎಚ್ಚರ ಬೇಕು: ತಂತ್ರಾಂಶ ಸಿಗುವುದು ಮ್ಯೂಸ್‌ಸ್ಕೋರ್ ಡಾಟ್ ಆರ್ಗ್‌ನಲ್ಲಿ. ಅದೇ ಹೆಸರಿನ ಡಾಟ್ ಕಾಮ್ ತಾಣ ಸ್ಕೋರ್‌ಗಳನ್ನು ಹಂಚಿಕೊಳ್ಳುವ ಜಾಗ, ಅಲ್ಲಿ ಹಣ ಕೊಡುವ ಚಂದಾ ಇದೆ. ಬರೆಯಲು ಆ ಚಂದಾ ಬೇಕಿಲ್ಲ. ಹೊಸಬರು ಇವೆರಡನ್ನೂ ಒಂದೇ ಎಂದುಕೊಂಡು, ತಂತ್ರಾಂಶಕ್ಕೇ ದುಡ್ಡು ಕಟ್ಟಬೇಕು ಎಂದು ಹಿಂದೆ ಸರಿಯುತ್ತಾರೆ.

ಬರೆಯುವ ಕ್ರಮ ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತದೆ. ಎನ್ ಒತ್ತಿದರೆ ಸ್ವರ ಬರೆಯುವ ಸ್ಥಿತಿ. 4 ಒತ್ತಿದರೆ ಎಂಟನೆಯ ಭಾಗದಷ್ಟು ಅವಧಿಯ ಸ್ವರ, 5 ಕಾಲು, 6 ಅರ್ಧ, 7 ಪೂರ್ಣ. 0 ಒತ್ತಿದರೆ ಮೌನ. ಎ-ಯಿಂದ ಜಿ-ವರೆಗಿನ ಅಕ್ಷರಗಳೇ ಸ್ವರಗಳು. ಮೇಲಿನ-ಕೆಳಗಿನ ಬಾಣದ ಗುಂಡಿಯಿಂದ ಅರ್ಧಸ್ವರ (ಸೆಮಿಟೋನ್), ಅದರ ಜೊತೆ ಕಂಟ್ರೋಲ್ ಹಿಡಿದರೆ ಒಂದು ಸ್ಥಾಯಿ ಏರಿಳಿಯುತ್ತದೆ. ಆರ್ ಒತ್ತಿದರೆ ಆಯ್ದ ಭಾಗ ಮತ್ತೆ ಬರುತ್ತದೆ. ಮೌಸ್ ಹಿಡಿದು ಬರೆಯುವವರು ಬೇಗ ಸೋತುಬಿಡುತ್ತಾರೆ; ಈ ಗುಂಡಿಗಳನ್ನು ಕಲಿಯುವುದೇ ಸರಿ.

4ನೇ ಆವೃತ್ತಿಯ ದೊಡ್ಡ ಆಕರ್ಷಣೆ ಮ್ಯೂಸ್ ಸೌಂಡ್ಸ್. ತಂತಿ, ಹಿತ್ತಾಳೆ, ಮರದ ವಾದ್ಯ, ಕೋರಸ್, ತಾಳವಾದ್ಯಗಳ ಧ್ವನಿಗಳು ಉಚಿತವಾಗಿ ಸಿಗುತ್ತವೆ, ಮ್ಯೂಸ್ ಹಬ್ ಮೂಲಕ ಬೇರೆಯಾಗಿ ಇಳಿಸಿಕೊಳ್ಳಬೇಕು. ಒಟ್ಟು ಹಲವು ಗಿಗಾಬೈಟ್ ಆಗುತ್ತದೆ, ಆದ್ದರಿಂದ ನೀವು ಬರೆಯುವ ವಾದ್ಯಗಳ ಕಟ್ಟುಗಳನ್ನು ಮಾತ್ರ ತೆಗೆದುಕೊಳ್ಳಿ. 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಹತ್ತು ವಾದ್ಯಗಳ ಸ್ಕೋರ್ ನುಡಿಸಿದರೆ ಧ್ವನಿ ತುಂಡುತುಂಡಾಗಿ ಬರುತ್ತದೆ. ಬರೆಯುವಷ್ಟು ಹೊತ್ತು ಪ್ಲೇಬ್ಯಾಕ್ ಸೆಟಪ್‌ನಲ್ಲಿ ಹಗುರವಾದ ಬೇಸಿಕ್ ಧ್ವನಿಗೆ ಬದಲಿಸಿಕೊಂಡು, ಕೊನೆಗೆ ಆಡಿಯೋ ತೆಗೆಯುವಾಗ ಮಾತ್ರ ಮ್ಯೂಸ್ ಸೌಂಡ್ಸ್‌ಗೆ ಮರಳಿದರೆ ಹಳೆಯ ಯಂತ್ರದಲ್ಲೂ ಕೆಲಸ ಸಾಗುತ್ತದೆ.

ಈ ಧ್ವನಿಗಳು ಸ್ಕೋರಿನಲ್ಲಿ ಬರೆದ ಗುರುತುಗಳನ್ನು ಓದಿಕೊಂಡು ನುಡಿಸುತ್ತವೆ. ವಯೋಲಿನ್ ಸಾಲಿಗೆ ಸ್ಲರ್ (ಸ್ವರಗಳನ್ನು ಕೂಡಿಸುವ ಬಾಗುಗೆರೆ) ಹಾಕಿದರೆ ಒಂದೇ ಬಿಲ್ಲಿನಲ್ಲಿ ಎಳೆದ ಹಾಗೆ ಕೇಳುತ್ತದೆ, ಹಾಕದಿದ್ದರೆ ಪ್ರತಿ ಸ್ವರಕ್ಕೂ ಬಿಲ್ಲು ತಿರುಗುತ್ತದೆ. ಪಿಜ್ಜಿಕಾಟೊ (ತಂತಿಯನ್ನು ಬೆರಳಿನಿಂದ ಮೀಟುವುದು) ಎಂದು ಸಾಮಾನ್ಯ ಪಠ್ಯವಾಗಿ ಟೈಪ್ ಮಾಡಿದರೆ ಕಾಗದದ ಮೇಲೆ ಕಾಣುತ್ತದೆ, ನುಡಿಸುವಾಗ ತಾನಾಗಿ ಏನೂ ಬದಲಾಗುವುದಿಲ್ಲ. ಪ್ಯಾಲೆಟ್‌ನಿಂದ (ಗುರುತುಗಳ ಪಟ್ಟಿಯಿಂದ) ಎಳೆದು ಹಾಕಿದ ಗುರುತಿಗೆ ಧ್ವನಿ ಸ್ಪಂದಿಸುತ್ತದೆ. ಮರಳಿ ಮೊದಲಿಗೆ ಹೋಗುವ ಸೂಚನೆಗಳದ್ದೂ ಇದೇ ಕಥೆ. ವೇಗದ ಗುರುತು ಇಲ್ಲದಿದ್ದರೆ ನಿಮಿಷಕ್ಕೆ 120 ಬೀಟ್ ಎಂದು ಹಿಡಿದುಬಿಡುತ್ತದೆ. ವಿಳಂಬದ ಭಾವಗೀತೆಯೊಂದು ಓಡುತ್ತಿರುವಂತೆ ಕೇಳಿದರೆ ಮೊದಲು ನೋಡಬೇಕಾದ್ದು ಇದನ್ನೇ.

ಮ್ಯೂಸ್ ಸೌಂಡ್ಸ್ ಎಷ್ಟು ಚೆಂದವೋ ವಿಮರ್ಶೆಗೆ ಅಷ್ಟೇ ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ನುಡಿಸಲಾಗದ್ದನ್ನೂ ಅದು ಇಂಪಾಗಿ ನುಡಿಸಿಬಿಡುತ್ತದೆ. ವಯೋಲಿನ್ನಿನ ಅತಿ ಕೆಳಗಿನ ತಂತಿ ಮಧ್ಯ ಸಿ-ಗಿಂತ ಕೆಳಗಿನ ಜಿ. ಆ ಜಿ ಮತ್ತು ಅದರ ಮೇಲಿನ ಬಿ ಎರಡನ್ನೂ ಒಟ್ಟಿಗೆ ಬರೆದರೆ ಎರಡೂ ಅದೇ ಒಂದು ತಂತಿಯ ಮೇಲೆಯೇ ಸಿಗಬೇಕು, ಒಬ್ಬ ವಾದಕರಿಂದ ಅದು ಸಾಧ್ಯವೇ ಇಲ್ಲ. ತಂತ್ರಾಂಶ ಎಚ್ಚರಿಕೆ ಕೊಡದೆ ಎರಡನ್ನೂ ನುಡಿಸುತ್ತದೆ. ಕೊಳಲಿನ (ಇಲ್ಲಿ ಪಾಶ್ಚಾತ್ಯ ಫ್ಲೂಟ್) ಕೆಳಸ್ಥಾಯಿಯ ಮೊದಲ ಐದಾರು ಸ್ವರಗಳು ನಿಜವಾದ ವೇದಿಕೆಯಲ್ಲಿ ಮೆತ್ತಗೆ, ಉಸಿರು ಬೆರೆತು ಕೇಳುತ್ತವೆ. ಅದರ ಕೆಳಗೆ ಎರಡು ಟ್ರಂಪೆಟ್ ಬರೆದರೆ ಕೊಳಲು ಮುಳುಗಿಹೋಗುತ್ತದೆ. ಮಿಕ್ಸರಿನಲ್ಲಿ ಕೊಳಲಿನ ಗುಂಡಿ ಮೇಲೆತ್ತಿದರೆ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಹೋದಂತೆ ಅನ್ನಿಸುತ್ತದೆ, ಬರವಣಿಗೆಯ ದೋಷ ಮಾತ್ರ ಹಾಗೆಯೇ ಉಳಿದಿರುತ್ತದೆ. ಕೋರಸ್ಸಿಗೆ ಉಸಿರಿನ ಅಗತ್ಯವೇ ಇಲ್ಲವೆನ್ನುವಂತೆ ಹದಿನಾರು ಬಾರು ಎಳೆಯುತ್ತದೆ.

ತಂತ್ರಾಂಶ ಕೊಡುವ ಒಂದೇ ಒಂದು ಸುಳಿವು ಬಣ್ಣ. ವಾದ್ಯದ ವ್ಯಾಪ್ತಿ ಮೀರಿದ ಸ್ವರ ಪರದೆಯ ಮೇಲೆ ಕೆಂಪಾಗುತ್ತದೆ. ಪಳಗಿದವರಿಗೆ ಸಾಧ್ಯ, ಹವ್ಯಾಸಿಗಳಿಗೆ ಕಷ್ಟ ಎನ್ನುವ ಸ್ವರ ಕಡುಹಳದಿಯಾಗುತ್ತದೆ. ಮುದ್ರಣದಲ್ಲಿ ಈ ಬಣ್ಣ ಬರುವುದಿಲ್ಲವಾದ್ದರಿಂದ ಪಿಡಿಎಫ್ ಮಾತ್ರ ನೋಡುವವರಿಗೆ ಇದು ಗೊತ್ತಾಗುವುದಿಲ್ಲ. ಹಳದಿಯನ್ನು ನಿರ್ಲಕ್ಷಿಸಬೇಡಿ. ಊರಿನ ಚರ್ಚಿನ ಕಾಯರ್ ಅಥವಾ ಕಾಲೇಜಿನ ತಂಡ ಹಾಡಲಿ ಎಂದು ಬರೆಯುತ್ತಿದ್ದರೆ ಆ ಸ್ವರದಲ್ಲೇ ಹಾಡು ಮುರಿಯುತ್ತದೆ.

ಆದ್ದರಿಂದ ಅಭಿಪ್ರಾಯ ಕೇಳುವಾಗ ಎರಡು ಆಡಿಯೋ ಕೊಡುವುದು ಒಳ್ಳೆಯದು: ಒಂದು ಮ್ಯೂಸ್ ಸೌಂಡ್ಸ್‌ನದು, ಇನ್ನೊಂದು ಎಲ್ಲ ವಾದ್ಯಗಳಿಗೂ ಪಿಯಾನೋ ಧ್ವನಿ ಹಾಕಿದ್ದು. ಪಿಯಾನೋದಲ್ಲಿ ಬಣ್ಣ, ಪ್ರತಿಧ್ವನಿ ಎಲ್ಲ ಕಳಚಿ ಸ್ವರಗಳಷ್ಟೇ ಉಳಿಯುತ್ತವೆ. ಅಲ್ಲಿಯೂ ಹಾಡು ನಿಂತರೆ ರಚನೆ ಗಟ್ಟಿ. ಅಲ್ಲಿ ಖಾಲಿಯಾಗಿ ಕೇಳಿದರೆ ಸಾಮರಸ್ಯದಲ್ಲೋ ನಡುವಿನ ಸಾಲುಗಳಲ್ಲೋ ಕೊರತೆ ಇದೆ. ಕೇಳುವವರು ಮೊದಲ ಬಾರಿ ಸ್ಕೋರ್ ನೋಡದೆ ಕೇಳಿ, ಗಮನ ತಪ್ಪಿದ ನಿಮಿಷ-ಸೆಕೆಂಡನ್ನು ಬರೆದುಕೊಳ್ಳಲಿ. ಎರಡನೆಯ ಬಾರಿ ಸ್ಕೋರ್ ಹಿಡಿದು ಅಲ್ಲೇನಾಯಿತು ಎಂದು ಹುಡುಕಲಿ.

ಕಳಿಸುವ ಮುಂಚೆ ಸ್ಕೋರನ್ನು ಅಣಿಮಾಡಬೇಕು. ಬಾರ್ ಸಂಖ್ಯೆ ಸಾಮಾನ್ಯವಾಗಿ ಪ್ರತಿ ಸಾಲಿನ ಶುರುವಿನಲ್ಲಿ ಮಾತ್ರ ಕಾಣುತ್ತದೆ. ಸ್ಟೈಲ್ ಕಿಟಕಿಯಲ್ಲಿ ಅದನ್ನು ಪ್ರತಿಯೊಂದು ಬಾರ್‌ಗೂ ಅಥವಾ ಐದು ಬಾರ್‌ಗೊಮ್ಮೆ ಬರುವಂತೆ ಮಾಡಿ. ಭಾಗ ಬದಲಾಗುವ ಕಡೆ ಕಂಟ್ರೋಲ್ ಹಿಡಿದು ಎಂ ಒತ್ತಿ ರಿಹರ್ಸಲ್ ಗುರುತು (ಭಾಗಗಳನ್ನು ಹೆಸರಿಸುವ ಎ, ಬಿ, ಸಿಯಂಥ ಗುರುತು) ಹಾಕಿ. ಬಿ ಫ್ಲಾಟ್ ಕ್ಲಾರಿನೆಟ್, ಟ್ರಂಪೆಟ್ ಇದ್ದರೆ ಕನ್ಸರ್ಟ್ ಪಿಚ್ ಗುಂಡಿ (ವಾದಕರು ಓದುವ ಸ್ವರದ ಬದಲು ಕಿವಿಗೆ ಕೇಳುವ ಸ್ವರವನ್ನು ತೋರಿಸುವಂಥದ್ದು) ಆರಿದೆಯೇ ನೋಡಿ. ಅದು ಹತ್ತಿದ್ದಾಗ ತೆಗೆದ ಪಿಡಿಎಫ್ ಹಿಡಿದು ವಾದಕರು ನುಡಿಸಿದರೆ ಎಲ್ಲವೂ ಒಂದು ಪೂರ್ಣಸ್ವರ (ಎರಡು ಅರ್ಧಸ್ವರ) ಕೆಳಗೆ ಕೇಳುತ್ತದೆ. ಆಡಿಯೋ ತೆಗೆಯುವಾಗ ಎಫ್10 ಒತ್ತಿ ಮಿಕ್ಸರ್ ತೆರೆದು, ಅತಿ ಜೋರಿನ ಜಾಗವನ್ನು ಒಮ್ಮೆ ನುಡಿಸಿ ನೋಡಿ. ಮೀಟರ್ ಕೆಂಪು ಮುಟ್ಟಿದರೆ ಮಾಸ್ಟರನ್ನು 3ರಿಂದ 6 ಡೆಸಿಬೆಲ್ ಇಳಿಸಿ. 192 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 1.4 ಎಂಬಿ, ನಾಲ್ಕು ನಿಮಿಷದ ಹಾಡು 6 ಎಂಬಿಯೊಳಗೆ ಮುಗಿಯುತ್ತದೆ. ಸ್ಕೋರನ್ನು ಚಿತ್ರವಾಗಿ ವಾಟ್ಸಾಪ್‌ನಲ್ಲಿ ಹಾಕಬೇಡಿ, ಅದು ಚಿತ್ರವನ್ನು ಕುಗ್ಗಿಸಿ ಐದು ಗೆರೆಗಳನ್ನೂ ಮಸಕು ಮಾಡುತ್ತದೆ. ಪಿಡಿಎಫ್ ಅನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ. ಮೂಲ ಎಂಎಸ್‌ಸಿಝಡ್ ಕಡತ, ಪಿಡಿಎಫ್, ಎಂಪಿ3, ಈ ಮೂರೂ ಒಟ್ಟಿಗೆ ಹೋಗಬೇಕು. ಎದುರಿನವರಲ್ಲಿ ಮ್ಯೂಸ್ ಸೌಂಡ್ಸ್ ಇಲ್ಲದಿದ್ದರೆ ಅದೇ ಕಡತ ಬೇಸಿಕ್ ಧ್ವನಿಯಲ್ಲಿ ನುಡಿಯುತ್ತದೆ, ನೀವು ಕೇಳಿದ್ದನ್ನು ಅವರು ಕೇಳಿರುವುದಿಲ್ಲ. 3ನೇ ಆವೃತ್ತಿಯಲ್ಲೇ ಇರುವವರಿಗೆ 4ರ ಕಡತ ತೆರೆಯುವುದೇ ಇಲ್ಲ. ಅವರಿಗೆ ಬೇರೆ ಬೇರೆ ಸ್ವರಲಿಪಿ ತಂತ್ರಾಂಶಗಳು ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ಕೊಡಬೇಕು.

ಕನ್ನಡ ಸಾಹಿತ್ಯ ಹಾಕುವವರಿಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ. ಮೊದಲ ಸ್ವರ ಆಯ್ದು ಕಂಟ್ರೋಲ್ ಹಿಡಿದು ಎಲ್ ಒತ್ತಿದರೆ ಸಾಹಿತ್ಯ ಬರೆಯುವ ಸ್ಥಿತಿ. ಪದ ಮುಗಿದರೆ ಸ್ಪೇಸ್, ಪದದೊಳಗೆ ಅಕ್ಷರ ಬಿಡಿಸಲು ಅಡ್ಡಗೆರೆ, ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ಎಳೆಯಲು ಅಂಡರ್‌ಸ್ಕೋರ್. ಯೂನಿಕೋಡ್ ಕನ್ನಡ ಸರಿಯಾಗಿಯೇ ಬರುತ್ತದೆ, ಆದರೆ ತಂತ್ರಾಂಶದ ಮೂಲ ಫಾಂಟಿನಲ್ಲಿ ಕನ್ನಡ ಇಲ್ಲ. ಸ್ಟೈಲ್ ಕಿಟಕಿಯ ಪಠ್ಯ ಶೈಲಿಗಳಲ್ಲಿ ಸಾಹಿತ್ಯಕ್ಕೆ ಬೆಸ ಸಾಲು, ಸರಿ ಸಾಲು ಎಂದು ಎರಡು ನಮೂದುಗಳಿವೆ; ಎರಡಕ್ಕೂ ನೋಟೊ ಸ್ಯಾನ್ಸ್ ಕನ್ನಡ ಕೊಡಿ, ಶೀರ್ಷಿಕೆಗೆ ಬೇರೆಯಾಗಿ ಕೊಡಿ, ಆ ಶೈಲಿಯನ್ನು ಕಡತವಾಗಿ ಉಳಿಸಿಕೊಂಡರೆ ಮುಂದಿನ ಹಾಡಿಗೆ ಮತ್ತೆ ಶ್ರಮವಿಲ್ಲ. ಒಂದು ಸಾಲಿಗೆ ಮಾತ್ರ ಬದಲಿಸಿ ಎರಡನೇ ಚರಣ ಬೇರೆ ಫಾಂಟಿನಲ್ಲಿ ಕಂಡು ಗಲಿಬಿಲಿಯಾಗುವವರು ಬಹಳ. ಒತ್ತಕ್ಷರಗಳು ಐದು ಗೆರೆಗಳ ಕೆಳಗೆ ಹೆಚ್ಚು ಜಾಗ ಕೇಳುತ್ತವೆ, ಸಾಲುಗಳ ನಡುವಿನ ಅಂತರವನ್ನು ತುಸು ಹೆಚ್ಚಿಸಿ.

ಕನ್ನಡ ಹಾಡಿನ ವಿಮರ್ಶೆಯಲ್ಲಿ ಮೊದಲು ನೋಡಬೇಕಾದ್ದು ಲಘು-ಗುರು. ಹ್ರಸ್ವಾಕ್ಷರದ ಮೇಲೆ ಉದ್ದದ ಸ್ವರ ಕೂತರೆ ‘ಬಳೆ’ ‘ಬಾಳೆ’ಯಾಗುತ್ತದೆ, ‘ಮರ’ ‘ಮಾರ’ನಾಗುತ್ತಾನೆ. ‘ಕಣ್ಣು’ ಎಂಬಲ್ಲಿ ಮೊದಲಕ್ಷರ ಗುರು, ಎಳೆಯಬಹುದು. ಆದರೆ ‘ಕ’ವನ್ನು ಹೆಚ್ಚು ಹೊತ್ತು ಎಳೆದು ‘ಣ್ಣು’ವನ್ನು ತಟ್ಟನೆ ಬಿಟ್ಟರೆ ‘ಕಾಣ್ಣು’ ಎಂದು ಕೇಳುತ್ತದೆ. ಸೊಪ್ರಾನೊ (ಅತಿ ಎತ್ತರದ ಹೆಣ್ಣುದನಿ) ಸಾಲಿನ ಮೇಲಿನ ಎಫ್, ಜಿ ಸ್ವರಗಳಲ್ಲಿ ‘ಇ’ ‘ಉ’ಕಾರಗಳು ಸ್ಪಷ್ಟವಾಗಿ ಹೊರಡುವುದಿಲ್ಲ, ಅಲ್ಲಿಗೆ ‘ಆ’ಕಾರದ ಪದ ಬರುವಂತೆ ರಾಗವನ್ನೇ ಸ್ವಲ್ಪ ತಿರುಗಿಸುವುದು ವಾಸಿ. ಪ್ಲೇಬ್ಯಾಕಿನ ಕೋರಸ್ ಕನ್ನಡ ಪದಗಳನ್ನು ಹಾಡುವುದಿಲ್ಲವಾದ್ದರಿಂದ ಈ ತಪ್ಪುಗಳು ಅಲ್ಲಿ ಕಿವಿಗೆ ಬೀಳುವುದೇ ಇಲ್ಲ. ಪ್ರತಿ ಸಾಲನ್ನೂ ಒಬ್ಬರು ಬಾಯಲ್ಲಿ ಹಾಡಿಯೇ ನೋಡಬೇಕು.

ತಾಳಗಳಿಗೆ ಇದು ಒಗ್ಗುತ್ತದೆ. ಆದಿತಾಳದ ಒಂದು ಆವರ್ತವನ್ನು 4/4ರ ಎರಡು ಬಾರಾಗಿ ಬರೆಯಬಹುದು. ಮಿಶ್ರಛಾಪಿಗೆ 7/8 ಕೊಟ್ಟು ಸ್ವರಗಳ ಗುಂಪನ್ನು 3+2+2 ಎಂದು, ಖಂಡಛಾಪಿಗೆ 5/8 ಕೊಟ್ಟು 2+3 ಎಂದು ಕಾಲಗುರುತಿನ ಗುಣಗಳಲ್ಲಿ ಹೊಂದಿಸಿದರೆ ಓದುವವರಿಗೆ ಏಟು ಎಲ್ಲಿ ಎಂದು ತಿಳಿಯುತ್ತದೆ. ಸಾಹಿತ್ಯದ ಎರಡನೇ ಸಾಲಿನಲ್ಲಿ ಸ ರಿ ಗ ಮ ಬರೆದರೆ ಐದು ಗೆರೆಗಳ ಸ್ಟಾಫ್ ಓದಲು ಬಾರದ ಹಾಡುಗಾರರಿಗೂ ಹಾಳೆ ಉಪಯೋಗಕ್ಕೆ ಬರುತ್ತದೆ. ಗಮಕ ಮಾತ್ರ ಇದರ ಕೈಗೆ ಸಿಗದು. ತೋಡಿಯ ಸಾಧಾರಣ ಗಾಂಧಾರವನ್ನು ನೇರ ಸ್ವರವಾಗಿ ಬರೆದು ನುಡಿಸಿದರೆ ತೋಡಿ ಕೇಳುವುದಿಲ್ಲ, ಕಂಪಿತವೇ (ಸ್ವರವನ್ನು ತೂಗಾಡಿಸುವ ಗಮಕ) ಆ ಸ್ವರದ ಜೀವ. ಪುಟ್ಟ ಗ್ರೇಸ್ ಸ್ವರಗಳನ್ನು ಪೋಣಿಸಿ ತೋರಿಸಲು ಹೋದರೆ ಹಾಳೆ ಗಿಜಿಗುಡುತ್ತದೆ, ಧ್ವನಿಯೂ ಕೃತಕವಾಗುತ್ತದೆ. ರಾಗಪ್ರಧಾನ ರಚನೆಯಾದರೆ ಹಾಡಿನ ಸಾಲನ್ನು ಸ್ವಂತ ದನಿಯಲ್ಲಿ ರೆಕಾರ್ಡ್ ಮಾಡಿ, ಹಿನ್ನೆಲೆಯ ತಂತಿವಾದ್ಯಗಳನ್ನಷ್ಟೇ ಇದರಲ್ಲಿ ಬರೆಯುವುದು ಸರಿ.

ಆನ್‌ಲೈನಿನಲ್ಲಿ ಇಡುವಾಗ ಸಾರ್ವಜನಿಕ, ಕೊಂಡಿ ಇದ್ದವರಿಗೆ ಮಾತ್ರ, ಖಾಸಗಿ ಎಂಬ ಆಯ್ಕೆಗಳು ತಂತ್ರಾಂಶದೊಳಗಿಂದಲೇ ಸಿಗುತ್ತವೆ. ಕರಡು ಸ್ಕೋರಿಗೆ ಎರಡನೆಯದೇ ಸೂಕ್ತ. ಕವಿತೆಗೆ ರಾಗ ಹಾಕಿದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1957ರ ಭಾರತೀಯ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸಂಗೀತಕೃತಿ ಎಂದರೆ ಸಂಗೀತ ಮತ್ತು ಅದರ ಲಿಪಿ. ಪದಗಳು ಅದರಲ್ಲಿ ಸೇರಿಲ್ಲ. ರಾಗದ ಹಕ್ಕು ರಚಿಸಿದ ಕ್ಷಣದಿಂದ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಕವಿತೆಯ ಹಕ್ಕು ಕವಿ ತೀರಿಕೊಂಡ ವರ್ಷದ ನಂತರ 60 ವರ್ಷ ಉಳಿದಿರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ; ಅವರ ಸಾಲುಗಳನ್ನು ಸ್ಕೋರಿನಡಿ ಅಚ್ಚಿಸಿ ಎಲ್ಲರಿಗೂ ತೆರೆದಿಡಲು ಅನುಮತಿ ಬೇಕು. 12ನೇ ಶತಮಾನದ ವಚನಗಳ ಮೂಲಪಾಠಕ್ಕೆ, ದಾಸರ ಪದಗಳಿಗೆ ಆ ತೊಡಕಿಲ್ಲ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಹಕ್ಕಿನ ಸಾಲು ತುಂಬಿದರೆ ಮೊದಲ ಪುಟದ ಅಡಿಯಲ್ಲಿ ತಾನಾಗಿ ಮುದ್ರಣವಾಗುತ್ತದೆ.

ಇದರಲ್ಲಿ ಇಲ್ಲದ್ದು ಒಂದೇ ಕಡತದ ಮೇಲೆ ಇಬ್ಬರು ಒಟ್ಟಿಗೆ ಕೂತು ಕೆಲಸ ಮಾಡುವ ಸೌಲಭ್ಯ. ಅದು ಬೇಕಾದವರಿಗೆ ಬ್ರೌಸರಿನಲ್ಲೇ ನಡೆಯುವ ಫ್ಲ್ಯಾಟ್ ಎಂಬ ತಂತ್ರಾಂಶ ಇದೆ. ಸ್ಕೋರಿನ ಮೇಲೆಯೇ ಟಿಪ್ಪಣಿ ಅಂಟಿಸಬಹುದು, ಇಬ್ಬರೂ ಏಕಕಾಲಕ್ಕೆ ತಿದ್ದಬಹುದು, ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಧ್ವನಿಯಲ್ಲಿ, ಪುಟದ ಅಂದದಲ್ಲಿ ಮ್ಯೂಸ್‌ಸ್ಕೋರ್ ಮುಂದೆ. ಒಂದರಿಂದ ಇನ್ನೊಂದಕ್ಕೆ ಮ್ಯೂಸಿಕ್‌ಎಕ್ಸ್‌ಎಂಎಲ್ ಮೂಲಕ ಹೋಗಬಹುದು. ಹಾಗೆ ತಂದ ಮೇಲೆ ಸ್ವರಗಳೂ ಸಾಹಿತ್ಯವೂ ಸಾಮಾನ್ಯವಾಗಿ ಸುರಕ್ಷಿತ; ಫಾಂಟು, ಸಾಲಿನ ಅಂತರ, ಕೈಯಾರೆ ಸರಿಸಿದ ಗುರುತುಗಳು, ಮಿಕ್ಸರಿನ ಹೊಂದಿಕೆ ಕಳೆದಿರುತ್ತವೆ, ಅವನ್ನು ಮತ್ತೆ ಹೊಂದಿಸಿಕೊಂಡೇ ಪಿಡಿಎಫ್ ತೆಗೆಯಬೇಕು.